ಕೊನೆಯ ಖಾಲಿ ಗಂಟು

ಬೆಳಗ್ಗೆ ಟೀಗೆ ನೀರಿಡುವ ಮೊದಲು ಗ್ಲೆನಿಸ್ ಹಿಂದಿನ ಕೋಣೆಗೆ ಹೋಗಿ ಮ್ಯಾಗ್‌ಪೈ ಹಕ್ಕಿಯ ಹಾಡು ಕೇಳುತ್ತಿದ್ದಳು. ಅಲ್ಲಿ ಮೂರು ಹಳೆಯ ಕಂಪ್ಯೂಟರುಗಳಿದ್ದವು. ಒಂದು ವಿಂಡೋಸ್, ಒಂದು ಮ್ಯಾಕ್, ಒಂದು ಲಿನಕ್ಸ್. ಒಂದೊಂದರಲ್ಲೂ ಅದೇ ಹಾಡು, ಮೊದಲಿನಿಂದ ಕೊನೆಯವರೆಗೆ. ಹಕ್ಕಿ ಕೊರಳು ಹೊರಳಿಸಿ ಹಾಡುತ್ತದೆ, ಎಲ್ಲೋ ನಾಯಿ ಬೊಗಳುತ್ತದೆ, ಜಾಲರಿ ಬಾಗಿಲು ಕಿರ್ರೆನ್ನುತ್ತದೆ, ಆಮೇಲೆ ಗಂಡಸಿನ ದನಿಯೊಂದು ಕೂಗುತ್ತದೆ: "ಟೀ ಆಯ್ತು, ಗ್ಲೆನ್." ಆ ಕೊನೆಯ "ಗ್ಲೆನ್" ಪೂರ್ತಿಯಾಗಿ ಕೇಳಿಸಬೇಕು. ಅದರ ಹಿಂದೆ ಒಂದು ಉಸಿರಿನಷ್ಟು ಮೌನ ಬಂದು ಹೋಗಬೇಕು. ಮೂರರಲ್ಲೂ ಹಾಗೆ ಬಂತು ಎಂದಾದರೆ ಅವಳು ಅಡುಗೆಮನೆಗೆ ಹೋಗಿ ಕೆಟಲಿಗೆ ನೀರು ತುಂಬುತ್ತಿದ್ದಳು. ಜ್ವರ ಬಂದ ದಿನ ಇದನ್ನು ತಪ್ಪಿಸಿದವಳಲ್ಲ, ಕ್ರಿಸ್‌ಮಸ್ ದಿನ ತಪ್ಪಿಸಿದವಳಲ್ಲ. ತಾಯಿಯನ್ನು ಮಣ್ಣು ಮಾಡಿದ ದಿನವೂ ಕಪ್ಪು ಬಟ್ಟೆ ಉಟ್ಟುಕೊಂಡೇ ಕೂತು ಕೇಳಿದ್ದಳು.

ಆ ದನಿ ಅವಳ ಗಂಡ ಕ್ಲಿಫ್‌ನದು. ಇಪ್ಪತ್ತು ವರ್ಷದ ಹಿಂದಿನ ದನಿ. ಅವಳು ಹಿತ್ತಿಲಲ್ಲಿ ಮೈಕು ಹಿಡಿದು ಹಕ್ಕಿಯ ಹಾಡು ಹಿಡಿಯುತ್ತಿದ್ದಾಗ ಅವನು ಬಾಗಿಲು ತೆರೆದು ಕೂಗಿಬಿಟ್ಟಿದ್ದ. ಅಳಿಸಿಹಾಕೋಣ ಎಂದುಕೊಂಡಿದ್ದಳು, ಅಳಿಸಲಿಲ್ಲ. ಅವಳು ಬರೆದ ಸಾಫ್ಟ್‌ವೇರಿನ ಜೊತೆ ಪರೀಕ್ಷೆಗೆಂದು ಆ ತುಣುಕೂ ಲೋಕ ಸುತ್ತಿತು. ಗುರುತು ಪರಿಚಯವಿಲ್ಲದ ದೇಶಗಳಲ್ಲಿ, ಅದನ್ನು ಹಾಕಿ ನೋಡುವವರೆಲ್ಲ ಕ್ಲಿಫ್‌ನ ದನಿ ಕೇಳಿದವರೇ. ಒಮ್ಮೆ ಫಿಜಿಯಿಂದ ಬಂದಿದ್ದ ಎಂಜಿನಿಯರೊಬ್ಬ ಗೇಟಿನಲ್ಲಿ ನಿಂತು, ಹೆಸರು ಹೇಳುವ ಮೊದಲೇ, "ಟೀ ಆಯ್ತಾ, ಗ್ಲೆನ್?" ಎಂದು ಕೇಳಿದ್ದ. ಕ್ಲಿಫ್ ಅವನನ್ನು ಮೇಲಿಂದ ಕೆಳಗೆ ನೋಡಿ, "ನನ್ನ ಹೆಂಡ್ತಿನ ಹಾಗೆ ಕರೆಯೋಕೆ ನಾನು ಮದುವೆ ಆಗಬೇಕಾಯ್ತು ಕಣಯ್ಯಾ" ಎಂದಿದ್ದ.

ಅವರ ಊರು, ದಕ್ಷಿಣ ಆಸ್ಟ್ರೇಲಿಯಾದ ವಾಲರೂ, ಚಿಕ್ಕ ಬಂದರು. ಗೋಧಿ ತುಂಬುವ ಎತ್ತರದ ಸೈಲೋಗಳು, ಹಡಗು ಕಟ್ಟಲು ಸಮುದ್ರದೊಳಕ್ಕೆ ಉದ್ದಕ್ಕೆ ಚಾಚಿದ ಜೆಟ್ಟಿ, ನೀಲಿ ಏಡಿ ಹಿಡಿಯಲು ಬರುವ ರಜಾದಿನದ ಜನ. ಗ್ಲೆನಿಸ್ ಸೈಲೋ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಳು. ಶನಿವಾರಗಳಲ್ಲಿ ಊರಿನ ಪುಟ್ಟ ರೇಡಿಯೊ ಕೇಂದ್ರದಲ್ಲಿ ಕೂತು ಹುಟ್ಟುಹಬ್ಬದ ಶುಭಾಶಯ, ಸತ್ತವರ ಸುದ್ದಿ, ಗಾಳಿಯ ದಿಕ್ಕು ಓದುತ್ತಿದ್ದಳು. ಕೇಂದ್ರಕ್ಕೆ ದಾನವಾಗಿ ಬಂದ ಕಂಪ್ಯೂಟರುಗಳು ಒಂದೊಂದು ಒಂದೊಂದು ಜಾತಿಯವು. ಒಂದರಲ್ಲಿ ಹಾಡಿದ್ದು ಇನ್ನೊಂದರಲ್ಲಿ ಹಾಡುತ್ತಿರಲಿಲ್ಲ.

ಧ್ವನಿಯನ್ನು ಹಿಂಡಿ ಚಿಕ್ಕ ಗಂಟುಗಳಾಗಿ ಕಟ್ಟಿ, ಬೇಕಾದಾಗ ಬಿಚ್ಚಿ ಕೇಳಿಸುವ ಉಪಾಯಕ್ಕೆ ಕೋಡೆಕ್ ಎನ್ನುತ್ತಾರೆ. ಯಾರ ಸೊತ್ತೂ ಅಲ್ಲದ, ಎಲ್ಲರಿಗೂ ಬಿಟ್ಟುಕೊಟ್ಟ ಕೋಡೆಕ್‌ಗಳು ಆಗಲೇ ಇದ್ದವು. ಆದರೆ ಆ ಗಂಟು ಬಿಚ್ಚುವವನಿಗೂ ಮೂರು ಜಾತಿಯ ಯಂತ್ರಗಳಿಗೂ ನಡುವೆ ನಿಂತು ಮೂವರ ಮಾತನ್ನೂ ಆಡಬಲ್ಲ ಮಧ್ಯಸ್ಥ ಇರಲಿಲ್ಲ. ಗ್ಲೆನಿಸ್ ಅಡುಗೆಮನೆಯ ಮೇಜಿನ ಮೇಲೆ, ಅಪರಿಚಿತರನ್ನು ಕೇಳಿ ಕೇಳಿ, ಪ್ರೋಗ್ರಾಂ ಬರೆಯುವುದನ್ನು ಕಲಿತು ಆ ಮಧ್ಯಸ್ಥನನ್ನು ಮಾಡಿದಳು. ಹೆಸರು ಜೆಟ್ಟಿ ಎಂದಿಟ್ಟಳು. ದೊಡ್ಡ ಹಡಗಾಗಲಿ ಸಣ್ಣ ದೋಣಿಯಾಗಲಿ, ಅದೇ ಕಂಬಕ್ಕೆ ಹಗ್ಗ ಕಟ್ಟಬಹುದು ಎಂಬುದು ಅವಳ ಲೆಕ್ಕ. ದಾರಿಯಲ್ಲಿ ಅರವಟ್ಟಿಗೆ ಇಟ್ಟ ಹಾಗೆ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟಳು.

ಆ ಕೆಲಸದವರ ನಡುವೆ ಒಂದು ವ್ರತವಿದೆ. ಜೆಟ್ಟಿಯ ಒಳಗೆ ಏನು ಬೇಕಾದರೂ ಕೆಡವಿ ಕಟ್ಟಬಹುದು. ಬೇರೆಯವರು ಹಗ್ಗ ಕಟ್ಟಿದ ಕಂಬವನ್ನು ಮಾತ್ರ ಕದಲಿಸಬಾರದು. ಅದು ಓರೆಯಾಗಿ ನಿಂತಿದ್ದರೂ ಕದಲಿಸಬಾರದು, ತಪ್ಪಾದ ಜಾಗದಲ್ಲಿ ನಿಂತಿದ್ದರೂ ಕದಲಿಸಬಾರದು. ನಿನ್ನನ್ನು ನಂಬಿ ಕಟ್ಟಿದವನ ದೋಣಿ ತೇಲಿಹೋದರೆ ಪಾಪ ನಿನ್ನದೇ.

ಗ್ಲೆನಿಸ್ ನೆಟ್ಟ ಕಂಬಗಳಲ್ಲಿ ಒಂದು ತಪ್ಪಾದದ್ದು. ಮೊದಲ ಸಲ ಹಾಡಿಸಿದಾಗ ಒಂದು ಕಂಪ್ಯೂಟರಿನಲ್ಲಿ ಕ್ಲಿಫ್ "ಟೀ ಆಯ್ತು" ಎಂದವನು "ಗ್ಲೆನ್" ಎನ್ನಲಿಲ್ಲ. ಗಂಟು ಬಿಚ್ಚುವವನು ಮುಂದಿನ ಗಂಟು ಬರಲಿ ಎಂದು ಕಾಯುತ್ತ ಕೊನೆಯದನ್ನು ಕೈಯಲ್ಲೇ ಹಿಡಿದಿಟ್ಟುಕೊಳ್ಳುತ್ತಾನೆ. "ಮುಗಿಯಿತು, ಕೈಯಲ್ಲಿರುವುದನ್ನೂ ಕೊಡು" ಎಂದು ಅವನಿಗೆ ಹೇಳುವ ಸರಿಯಾದ ಕ್ರಮವೊಂದಿದೆ. ಅದು ಆಗ ಅವಳಿಗೆ ಗೊತ್ತಿರಲಿಲ್ಲ. ಹಿಂದಿನಿಂದ ಒಂದು ಖಾಲಿ ಗಂಟನ್ನು ತಳ್ಳಿದಳು. ಅದರ ನೂಕಿಗೆ ಅವಳ ಹೆಸರು ಹೊರಗೆ ಬಿತ್ತು. ಹಿಗ್ಗಿನಲ್ಲಿ ಜೆಟ್ಟಿಯನ್ನು ಹಾಗೆಯೇ ಲೋಕಕ್ಕೆ ಬಿಟ್ಟಳು.

ಸರಿಯಾದ ಕ್ರಮ ಅವಳು ಕಲಿಯುವಷ್ಟರಲ್ಲಿ ಕಾಲ ಮೀರಿತ್ತು. ಸಣ್ಣ ರೇಡಿಯೊ ಕೇಂದ್ರಗಳವರು ಹಾಡು ಸರದಿಯಲ್ಲಿ ಹಾಕುವ ಪ್ರೋಗ್ರಾಮೊಂದನ್ನು ಬಳಸುತ್ತಿದ್ದರು. ಆ ಪ್ರೋಗ್ರಾಂ ಖಾಲಿ ಗಂಟು ಕಂಡಾಗ "ಇದು ಮುಗಿಯಿತು, ಮುಂದಿನದು ಹಾಕು" ಎಂದು ತಿಳಿಯುವಂತೆ ಬರೆಯಲ್ಪಟ್ಟಿತ್ತು. ಬರೆದವನು ತೀರಿಹೋಗಿದ್ದ. ಒಂದೊಂದು ಕೇಂದ್ರವೂ ಅದನ್ನು ತನ್ನ ಅಳತೆಗೆ ಕತ್ತರಿಸಿ ಹೊಲಿದುಕೊಂಡಿತ್ತು. ಕ್ವೀನ್ಸ್‌ಲ್ಯಾಂಡಿನ ತುದಿಯಿಂದ ಪೆಸಿಫಿಕ್ ಸಮುದ್ರದ ವನುವಾಟು ದ್ವೀಪಗಳವರೆಗೆ ಎಲ್ಲರೂ ಆ ಖಾಲಿ ಗಂಟಿನ ಮೇಲೆ ನಿಂತಿದ್ದರು. ಗೋಡೆಯಲ್ಲಿ ತಪ್ಪಾದ ಕಡೆ ಹೊಡೆದ ಮೊಳೆಗೆ ಮನೆಯವರೆಲ್ಲ ತಮ್ಮ ತಮ್ಮ ಅಂಗಿ ನೇತುಹಾಕಿದ ಹಾಗೆ. ಮೊಳೆ ಕೀಳುವ ಹಾಗಿಲ್ಲ.

ಹಿತ್ತಿಲ ನಿಂಬೆಗಿಡದ ಪಕ್ಕ ಒಂದು ಕ್ಯಾರವಾನ್, ಚಕ್ರದ ಮೇಲಿನ ಪುಟ್ಟ ಮನೆ, ನಿಂತಿತ್ತು. ಸಿಗಡಿ ಹಿಡಿಯುವ ದೋಣಿಯ ಕೆಲಸ ಬಿಟ್ಟ ವರ್ಷ ಕ್ಲಿಫ್ ಅದನ್ನು ತಂದಿದ್ದ. ಕಾರಿನ ಹಿಂದೆ ಕಟ್ಟಿಕೊಂಡು, ಒಂದು ಚಳಿಗಾಲ ಪೂರ್ತಿ, ದೇಶದ ಇನ್ನೊಂದು ತುದಿಯ ಬ್ರೂಮ್‌ವರೆಗೆ ಹೋಗಿಬರುವುದು ಅವನ ಆಸೆ. ಹದಿಹರೆಯದಲ್ಲಿ ಅಲ್ಲಿ ಒಂದು ಹಂಗಾಮು ದುಡಿದಿದ್ದ. ಕೆಂಪು ಮಣ್ಣಿನ ದಂಡೆ ನೇರವಾಗಿ ಹಸಿರು ಸಮುದ್ರಕ್ಕೆ ಇಳಿಯುತ್ತದೆ ಎಂದು ಮದುವೆಗೆ ಮೊದಲಿನಿಂದ ಹೇಳುತ್ತ ಬಂದಿದ್ದ. "ಅದನ್ನ ನೀನು ನೋಡ್ಬೇಕು, ನೀನು ನೋಡೋದನ್ನ ನಾನು ನೋಡ್ಬೇಕು." ಆದರೆ ಪ್ರತಿ ಚಳಿಗಾಲವೂ ಯಾವುದಾದರೂ ಕಂಪ್ಯೂಟರಿನವರು ಏನಾದರೂ ಬದಲಿಸುತ್ತಿದ್ದರು, ಜೆಟ್ಟಿ ಎಲ್ಲಾದರೂ ಬಿರುಕು ಬಿಡುತ್ತಿತ್ತು, ಗ್ಲೆನಿಸ್ ಹಿಂದಿನ ಕೋಣೆಗೆ ಹೋಗುತ್ತಿದ್ದಳು. ಪಕ್ಕದ ಮನೆಯ ನೊರೀನ್ ಬೇಲಿಯ ಮೇಲಿಂದ ಬಗ್ಗಿ, "ನಿಮ್ಮ ಕ್ಯಾರವಾನ್ ಹೊರಡೋ ದಿನ ಒಂದು ವಾರ ಮೊದಲೇ ಹೇಳಿ. ನನ್ನ ಕೋಳಿಗಳಿಗೆ ಬೇರೆ ಮನೆ ನೋಡ್ಬೇಕು" ಎನ್ನುತ್ತಿದ್ದಳು. ಅದರಡಿಯಲ್ಲಿ ಅವಳ ಕೋಳಿಗಳು ನಿಜವಾಗಿಯೂ ಮೊಟ್ಟೆ ಇಡುತ್ತಿದ್ದವು.

ಆ ವರ್ಷ ಫೆಬ್ರವರಿಯಲ್ಲಿ ಅಡಿಲೇಡಿನ ಕಣ್ಣಿನ ಡಾಕ್ಟರು, ಕ್ಲಿಫ್‌ನ ಕಣ್ಣಿನ ನಟ್ಟನಡುವೆ ಮಸುಕು ಹರಡುತ್ತಿದೆ ಎಂದರು. ಈ ಚಳಿಗಾಲ ಗಾಡಿ ಓಡಿಸಬಹುದು, ಮುಂದಿನದಕ್ಕೆ ನಾನು ಮಾತು ಕೊಡಲಾರೆ ಎಂದರು. ಮನೆಗೆ ಬರುವ ದಾರಿಯಲ್ಲಿ ಕ್ಲಿಫ್ ರಸ್ತೆಯ ಮೇಲಿಂದ ಕಣ್ಣು ತೆಗೆಯದೆ ಹೇಳಿದ: "ಈ ಸಲ ಹೋಗೋಣ, ಗ್ಲೆನ್."

"ಹೋಗೋಣ."

"ಹೋದ ವರ್ಷಾನೂ ನೀನು ಹಾಗೇ ಅಂದಿದ್ದೆ."

"ಹೋದ ವರ್ಷ ನಿನ್ನ ಕಣ್ಣು ಚೆನ್ನಾಗಿತ್ತು."

ಈಸ್ಟರ್ ಕಳೆದ ಮೇಲೆ, ಅಲ್ಲಿ ಚಳಿ ಶುರುವಾಗುವ ಮೇ ತಿಂಗಳ ಮೊದಲಲ್ಲಿ ಹೊರಡುವುದೆಂದು ನಿಶ್ಚಯವಾಯಿತು. ಕ್ಲಿಫ್ ಕ್ಯಾರವಾನಿನ ಕಿಟಕಿ ತೆರೆದು ಗಾಳಿ ಆಡಿಸಿದ, ಟೈರು ಬದಲಿಸಿದ, ನೊರೀನಳ ಕೋಳಿಗಳಿಗೆ ನೋಟಿಸು ಕೊಟ್ಟ.

ಮಾರ್ಚಿನಲ್ಲಿ ಮೂರು ಜಾತಿಯ ಕಂಪ್ಯೂಟರುಗಳಲ್ಲಿ ಒಂದರ ಹೊಸ ಆವೃತ್ತಿ ಬಂತು. ಅದು ತುಂಬಾ ಕಟ್ಟುನಿಟ್ಟಿನದು. ಒಳಗೆ ಏನೂ ಇಲ್ಲದ ಗಂಟು ಬಂದರೆ ಅದನ್ನು ಕಳ್ಳನೆಂದು ತಿಳಿದು ಇಡೀ ಪ್ರೋಗ್ರಾಮಿನ ಬಾಗಿಲನ್ನೇ ಮುಚ್ಚಿಸಿಬಿಡುತ್ತಿತ್ತು. ಅದೇ ವಾರ ವನುವಾಟುವಿನ ಒಂದು ಚಿಕ್ಕ ದ್ವೀಪದಿಂದ ಲೇಮಾರಾ ಫೋನು ಮಾಡಿದಳು. ಅಲ್ಲಿನ ರೇಡಿಯೊ ಕೇಂದ್ರವೆಂದರೆ ಲೇಮಾರಾ ಒಬ್ಬಳೇ. ಸುದ್ದಿ ಓದುವವಳೂ ಅವಳೇ, ಸೋಲಾರ್ ಫಲಕ ಒರೆಸುವವಳೂ ಅವಳೇ. ಉಪ್ಪುಗಾಳಿಗೆ ತುಕ್ಕು ಹಿಡಿದು ಹಳೆಯ ಕಂಪ್ಯೂಟರು ಸತ್ತಿತ್ತು. ಚರ್ಚಿನವರು ಕಳಿಸಿದ ಹೊಸದರಲ್ಲಿ ಈ ಹೊಸ ಆವೃತ್ತಿಯೇ ಇತ್ತು.

"ಒಂದು ಹಾಡು ಹಾಡುತ್ತೆ ಆಂಟಿ, ಆಮೇಲೆ ಎಲ್ಲಾ ಮುಚ್ಕೊಂಡು ಹೋಗ್ಬಿಡುತ್ತೆ. ಅವಸರ ಏನಿಲ್ಲ. ಚಂಡಮಾರುತದ ಕಾಲ ಇನ್ನೇನು ಮುಗೀತಲ್ಲ, ಮುಂದಿನದು ಶುರುವಾಗೋ ನವೆಂಬರ್‌ವರೆಗೂ ಹೇಗೋ ನಡೆಸ್ತೀನಿ. ಒಂದೊಂದೇ ಹಾಡು ನಾನೇ ಹಾಕ್ತಾ ಕೂತಿದೀನಿ."

ಅವಸರವಿಲ್ಲ ಎನ್ನುವವರಿಗೇ ಬೇಗ ಮಾಡಿಕೊಡಬೇಕು ಎನಿಸುವುದು ಗ್ಲೆನಿಸಳ ಸ್ವಭಾವ.

ಹೋಬಾರ್ಟಿನ ಫರ್ಗಸ್ ಅವಳ ಬಹುಕಾಲದ ಜೊತೆಗಾರ. ಆಡು ಸಾಕಿಕೊಂಡು, ಬಿಡುವಿನಲ್ಲಿ ಧ್ವನಿ-ಚಿತ್ರದ ಸಾಫ್ಟ್‌ವೇರುಗಳನ್ನು ರಿಪೇರಿ ಮಾಡುತ್ತಿದ್ದವನು. ಒಮ್ಮೆಯೂ ಎದುರಾಬದುರು ಕಂಡವರಲ್ಲ. ಪರದೆಯ ಮೇಲೆ ಮಾತ್ರ ನೋಡಿದ್ದರು.

"ಆ ಖಾಲಿ ಗಂಟನ್ನ ಕಿತ್ತು ಸಮುದ್ರಕ್ಕೆ ಎಸಿ, ಗ್ಲೆನಿಸ್," ಎಂದ ಫರ್ಗಸ್. "ಎಷ್ಟು ವರ್ಷ ಅಂತ ಅದನ್ನ ಸಾಕ್ತೀಯ? ಹೊಸ ಆವೃತ್ತಿ ಅಂತ ಹೆಸರಿಟ್ಟು ಬಿಡೋಣ. ಹಳಬರು ಬೇಕಾದ್ರೆ ತಮ್ಮ ಪ್ರೋಗ್ರಾಂ ತಿದ್ದಿಕೊಳ್ಳಲಿ."

"ಅವರಲ್ಲಿ ತಿದ್ದೋಕೆ ಯಾರಿದಾರೆ?"

"ಅದು ನಿನ್ನ ತಲೆನೋವಲ್ಲ. ಜೆಟ್ಟಿನ ತಿದ್ದೋ ಕೀಲಿಗಳನ್ನ ನನಗೆ ಕೊಡು. ಇನ್ಮೇಲೆ ಯಾರು ಬೈದ್ರೂ ನನ್ನ ಬೈತಾರೆ. ನೀನು ಹೋಗಿ ಆ ಕೆಂಪು ಮಣ್ಣು ನೋಡ್ಕೊಂಡು ಬಾ."

ಪರದೆಯ ಹಿಂದೆ ಆಡೊಂದು ಕೂಗಿತು. "ನೋಡು, ಅದೂ ಹೌದು ಅಂತಿದೆ," ಎಂದ.

ಗ್ಲೆನಿಸ್ ಒಪ್ಪಿಕೊಂಡಳು. ಒಪ್ಪಿಕೊಂಡ ದಿನ ಭುಜದ ಮೇಲಿನ ಚೀಲ ಇಳಿಸಿದ ಹಾಗಾಯಿತು. ಕ್ಲಿಫ್‌ಗೆ ಹೇಳಿದಾಗ ಅವನು ಒಳಗೆ ಹೋಗಿ, ಮಡಿಸುವ ಎರಡು ಕುರ್ಚಿಗಳನ್ನು ತಂದು ಕ್ಯಾರವಾನಿನೊಳಗೆ ಇಟ್ಟ.

ಕೀಲಿ ಕೊಡುವ ಮೊದಲು, ಖಾಲಿ ಗಂಟು ಕಿತ್ತ ಜೆಟ್ಟಿಯನ್ನು ಲೇಮಾರಾಳಿಗೆ ಕಳಿಸಿ, ಒಂದು ದಿನ ನಡೆಸಿ ನೋಡು ಎಂದಳು. ಮಾರನೆಯ ದಿನ ಬೆಳಗ್ಗೆ ಫೋನು ಬಂತು.

"ಆಂಟಿ, ಸುಮ್ನೆ ಕೇಳಿ," ಎಂದು ಲೇಮಾರಾ ಫೋನನ್ನು ರೇಡಿಯೊದ ಮುಂದೆ ಹಿಡಿದಳು.

ಚರ್ಚಿನ ಕೀರ್ತನೆಯೊಂದು ನಡೆಯುತ್ತಿತ್ತು. ಹೆಂಗಸರ ದನಿ, ಒಳ್ಳೆಯ ದನಿ. ಅದು ಮುಗಿಯಿತು. ಮುಂದಿನದು ಬರಲಿಲ್ಲ. ಪ್ರೋಗ್ರಾಂ ಬದುಕಿತ್ತು, ಆದರೆ ಖಾಲಿ ಗಂಟು ಬರಲಿ ಎಂದು ಕಾಯುತ್ತ ಕೂತಿತ್ತು. ಬರದ ಗಂಟಿಗೆ ಎಷ್ಟು ಕಾದರೂ ಅಷ್ಟೇ. ಮೌನ. ಆ ಮೌನದೊಳಗೆ ಸ್ವಲ್ಪ ಹೊತ್ತಿಗೆ ಕಾಲಿನ ಸದ್ದು, ಕೂಗಾಟ, ಹಂದಿಯೊಂದರ ಕಿರುಚಾಟ ಕೇಳಿಸಿತು.

"ಅದೇನು?"

"ಜನ, ಆಂಟಿ. ಬೆಳಗ್ಗಿಂದ ಇದೇ ಆಗ್ತಿದೆ. ಆ ದೊಡ್ಡ ಚಂಡಮಾರುತದಲ್ಲಿ ಕೊನೇವರೆಗೂ ನಮ್ಮಪ್ಪ ಇದೇ ಮೈಕಲ್ಲಿ ಮಾತಾಡ್ತಾ ಇದ್ರು. ರೇಡಿಯೊ ಕಂಬ ಮುರಿದಾಗ ಮಾತು ನಿಂತುಹೋಯ್ತು. ಆವತ್ತಿಂದ ರೇಡಿಯೊ ಸುಮ್ಮನಾದ್ರೆ ಎಲ್ಲರೂ ಕೈಯಲ್ಲಿ ಇರೋದು ಬಿಟ್ಟು ಈ ಕೇಂದ್ರ ಇರೋ ಗುಡ್ಡ ಹತ್ತಬೇಕು ಅಂತ ಕಟ್ಟಳೆ. ಮಕ್ಕಳಿಗೆ ಶಾಲೇಲಿ ಹೇಳಿಕೊಡ್ತೀವಿ." ಅವಳು ನಕ್ಕಳು. ನಗೆಯಲ್ಲಿ ಆಯಾಸವಿತ್ತು. "ನಮ್ಮ ಚೀಫ್‌ಗೆ ಎಂಬತ್ತು ದಾಟಿದೆ. ಇವತ್ತು ಎರಡು ಸಲ ಹಂದಿ ಎಳ್ಕೊಂಡು ಗುಡ್ಡ ಹತ್ತಿದಾರೆ. ಮೂರನೇ ಸಲ ಹಂದಿ ಬರಲ್ಲ ಅಂತಿದೆ."

ಗ್ಲೆನಿಸ್ ನಗಲಾರದೆ ಹೋದಳು. "ಇನ್ನೊಂದು ಸಲ ಹೀಗೇ ಆದ್ರೆ ಜನ ಬರೋದೇ ಬಿಟ್ಟುಬಿಡ್ತಾರೆ, ಅಲ್ವಾ?"

"ಅದೇ ನನಗೆ ಭಯ, ಆಂಟಿ."

ಗ್ಲೆನಿಸ್ ಫರ್ಗಸ್‌ಗೆ ಕೀಲಿ ಕೊಡಲಿಲ್ಲ. ಅವನು ಕೋಪ ಮಾಡಿಕೊಳ್ಳಲಿಲ್ಲ, ಬೇಸರ ಮಾಡಿಕೊಂಡ. "ನೀನು ಲೋಕದ ಎಲ್ಲಾ ದ್ವೀಪಾನೂ ಸೊಂಟಕ್ಕೆ ಕಟ್ಟಿಕೊಂಡಿದೀಯ," ಎಂದ.

"ಕಟ್ಟಿದ್ದು ನಾನೇ ಅಲ್ವಾ," ಎಂದಳು ಅವಳು.

ದಾರಿ ಒಂದೇ ಇತ್ತು. ಯಂತ್ರಕ್ಕೆ ಖಾಲಿ ಗಂಟು ಕಾಣಿಸಬಾರದು, ರೇಡಿಯೊ ಪ್ರೋಗ್ರಾಮಿಗೆ ಕಾಣಿಸಬೇಕು. ಅದಕ್ಕೆ ಜೆಟ್ಟಿಯೊಳಗೆ ಎರಡು ಬಾಗಿಲು ಕೊರೆಯಬೇಕು. ಹೊಸಬರು ಹೊಸ ಬಾಗಿಲಿಂದ ಬರಲಿ, ಹಳಬರಿಗೆ ಹಳೆಯ ಬಾಗಿಲು ಇದ್ದ ಹಾಗೇ ಇರಲಿ. ಹೇಳುವುದಕ್ಕೆ ಸುಲಭ. ಆದರೆ ಒಂದೊಂದು ಕೇಂದ್ರವೂ ಆ ಪ್ರೋಗ್ರಾಮನ್ನು ತನ್ನ ಅಳತೆಗೆ ಕತ್ತರಿಸಿಕೊಂಡಿತ್ತಲ್ಲ, ಒಂದಕ್ಕೆ ಸರಿಹೊಂದಿದ್ದು ಇನ್ನೊಂದಕ್ಕೆ ಬಿಗಿಯಾಗುತ್ತಿತ್ತು. ಎಲ್ಲವನ್ನೂ ತರಿಸಿ ಆ ಮೂರು ಕಂಪ್ಯೂಟರುಗಳಲ್ಲಿ ಹಾಕಿ ಕೇಳಬೇಕು. ಕಿವಿಯಿಂದಲೇ ಕೇಳಬೇಕು, ಕೊನೆಯವರೆಗೆ.

"ಮೇ ಒಳಗೆ ಆಗುತ್ತಾ?" ಎಂದು ಕ್ಲಿಫ್ ಕೇಳಿದ.

"ಆಗುತ್ತೆ."

ಆಗಲಿಲ್ಲ. ಮೇ ಬಂದು ಮೊದಲ ಮಳೆ ಸುರಿಯಿತು. ಕ್ಯಾರವಾನಿನಲ್ಲಿ ಕುರ್ಚಿ, ಡಬ್ಬಿ ಸಾಮಾನು, ಏಡಿ ಹಿಡಿಯುವ ಕುಂಟೆ ಎಲ್ಲ ಕಟ್ಟಿದಂತೆಯೇ ಇದ್ದವು. ಕ್ಲಿಫ್ ಮಧ್ಯಾಹ್ನ ಮಾಂಸ ತುಂಬಿದ ಪೇಸ್ಟಿ ಬಿಸಿ ಮಾಡಿ ತಂದು ಹಿಂದಿನ ಕೋಣೆಯ ಮೇಜಿನ ಅಂಚಿಗಿಟ್ಟು ಸದ್ದಿಲ್ಲದೆ ಹೋಗುತ್ತಿದ್ದ. ಒಂದು ದಿನ ಅವನು ತಟ್ಟೆಯನ್ನು ಮೇಜಿನ ಮೇಲಿಟ್ಟೆನೆಂದು ತಿಳಿದು ಅಂಚಿನಾಚೆ ಬಿಟ್ಟ. ತಟ್ಟೆ ಒಡೆಯಿತು. ಇಬ್ಬರೂ ಬಗ್ಗಿ ಚೂರು ಆಯ್ದರು. ಅವಳಿಗೆ ಕಂಡ ಚೂರುಗಳು ಅವನ ಕೈಗೆ ಸಿಗುತ್ತಿರಲಿಲ್ಲ.

"ಬೈಯಾದ್ರೂ ಬೈ ಕ್ಲಿಫ್. ಹೀಗೆ ಒಳ್ಳೆಯವನಾಗಿ ನನ್ನ ಕೊಲ್ಲಬೇಡ."

"ನಿನ್ನ ಬೈದು ಗೆದ್ದವರು ಈ ಊರಲ್ಲಿ ಯಾರಿದಾರೆ? ಚೂರು ಜೋಪಾನ, ಬೆರಳು ಕೊಯ್ಯುತ್ತೆ."

ಭಾನುವಾರ ಚರ್ಚಿಗೆ ಹೋದರೆ ಅಲ್ಲಿಯೂ ಬಿಡುಗಡೆಯಿರಲಿಲ್ಲ. ಕೀರ್ತನೆ ಮುಗಿದು ಆಮೆನ್‌ನ ಹಿಂದೆ ಬರುವ ಮೌನಕ್ಕೆ ಅವಳ ಕಿವಿ ತಾನಾಗಿ ನೆಟ್ಟಗಾಗುತ್ತಿತ್ತು. ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ, ಇದರಿಂದ ನನ್ನನ್ನು ಬಿಡಿಸು ಎಂದು ಕೇಳಲು ನಾಲಿಗೆ ಏಳಲಿಲ್ಲ. ಯಾರೋ ಹೊರಿಸಿದ ಹೊರೆಯಾಗಿದ್ದರೆ ಕೇಳಬಹುದಿತ್ತು. ಕೊಟ್ಟ ಮಾತು ಎರಡೂ ಅವಳದೇ. ಒಂದು ಹಿತ್ತಿಲಲ್ಲಿ ನಿಂತಿತ್ತು, ಇನ್ನೊಂದು ಸಮುದ್ರದಾಚೆ ಕಾಯುತ್ತಿತ್ತು. ಕ್ಲಿಫ್‌ನ ಕಣ್ಣು ಕಾಯಲಿ ದೇವರೇ, ಇನ್ನು ಸ್ವಲ್ಪ ದಿನ, ಎಂದಷ್ಟೇ ಕೇಳಿಕೊಂಡಳು.

ಜುಲೈ ತಿಂಗಳಲ್ಲಿ ಎರಡು ಬಾಗಿಲೂ ಸರಿಹೋದವು. ಲೇಮಾರಾ ಫೋನನ್ನು ರೇಡಿಯೊದ ಮುಂದೆ ಹಿಡಿದಳು. ಕೀರ್ತನೆ ಮುಗಿಯಿತು. ಒಂದು ಉಸಿರಿನಷ್ಟು ಮೌನ. ಮುಂದಿನ ಕೀರ್ತನೆ ಶುರುವಾಯಿತು. ಇಬ್ಬರೂ ಇನ್ನೊಂದು ಮುಗಿಯುವವರೆಗೆ ಕಾದರು, ಮತ್ತೊಂದು ಮುಗಿಯುವವರೆಗೂ ಕಾದರು.

"ಯಾರೂ ಬರಲಿಲ್ಲ ಆಂಟಿ," ಎಂದಳು ಲೇಮಾರಾ.

"ಚೀಫ್?"

"ಕೆಳಗೆ ತಮ್ಮ ಮನೆ ಬಾಗಿಲಲ್ಲಿ ಕೂತಿದಾರೆ. ಹಂದಿ ಮಲಗಿದೆ."

ಗ್ಲೆನಿಸ್ ಎದ್ದು ಹಿತ್ತಿಲಿಗೆ ಓಡಿದಳು. ನಾಳೆಯೇ ಹೊರಡೋಣ ಎಂದು ಹೇಳಲು ಬಾಯಿ ತೆರೆದಿದ್ದಳು. ಕ್ಲಿಫ್ ಕಾರನ್ನು ಹಿಂದಕ್ಕೆ ತಂದು ಕ್ಯಾರವಾನಿಗೆ ಜೋಡಿಸಲು ನೋಡುತ್ತಿದ್ದ. ಮೂವತ್ತು ವರ್ಷ ಕತ್ತಲ ಸಮುದ್ರದಲ್ಲಿ ದೋಣಿ ತಿರುಗಿಸಿದವನು ಕೊಕ್ಕೆಗೆ ಕೊಕ್ಕೆ ಸೇರಿಸಲಾರದೆ ಹೋಗಿದ್ದ. ನೆಲದಲ್ಲಿ ಚಕ್ರದ ಗುರುತುಗಳು ಒಂದರ ಮೇಲೊಂದು ಬಿದ್ದಿದ್ದವು. ನಿಂಬೆಗಿಡದ ಒಂದು ಕೊಂಬೆ ಸೀಳಿ ನೇತಾಡುತ್ತಿತ್ತು. ಬೇಲಿಯಾಚೆ ನೊರೀನ್ ನಿಂತಿದ್ದಳು. ಮೊದಲ ಸಲ ಅವಳ ಬಾಯಿಂದ ಹಾಸ್ಯ ಬರಲಿಲ್ಲ.

ಕ್ಲಿಫ್ ಇಂಜಿನ್ ನಿಲ್ಲಿಸಿ ಇಳಿದ. "ಸುತ್ತಮುತ್ತ ಎಲ್ಲಾ ಕಾಣುತ್ತೆ, ಗ್ಲೆನ್. ನೋಡಬೇಕಾದ್ದೇ ಕಾಣಲ್ಲ," ಎಂದ.

ವಾರದೊಳಗೆ ಅವನು ಸಾರಿಗೆ ಕಚೇರಿಗೆ ತಾನೇ ಹೋಗಿ ಗಾಡಿ ಓಡಿಸುವ ಲೈಸೆನ್ಸ್ ವಾಪಸ್ ಕೊಟ್ಟು ಬಂದ.

ಆಮೇಲೆ ಬೆಳಗಿನ ಟೀ ಅವನೇ ಮಾಡತೊಡಗಿದ. ಕೈಗೆ ಗೊತ್ತಿರುವ ಕೆಲಸ, ಕಣ್ಣು ಬೇಕಿರಲಿಲ್ಲ. ಆಗಸ್ಟಿನ ಒಂದು ಬೆಳಗ್ಗೆ ಗ್ಲೆನಿಸ್ ಹಿಂದಿನ ಕೋಣೆಯಲ್ಲಿ ಮೂರನೆಯ ಕಂಪ್ಯೂಟರಿನ ಹಾಡು ಕೇಳಿ ಮುಗಿಸಿದ್ದಳಷ್ಟೇ, ಜಾಲರಿ ಬಾಗಿಲು ಕಿರ್ರೆಂದಿತು. ಕ್ಲಿಫ್ ಎರಡು ಕಪ್ ಹಿಡಿದು ಹೊರಗಿನ ಮೆಟ್ಟಿಲ ಮೇಲೆ ಕೂತ. ಅವಳು ಹೋಗಿ ಪಕ್ಕದಲ್ಲಿ ಕೂತಳು. ಎದುರಿಗೆ ಕ್ಯಾರವಾನ್. ಅದರಡಿಯಲ್ಲಿ ಕೋಳಿಗಳು ಮರಳಿ ಬಂದಿದ್ದವು.

"ನೊರೀನ್ ತಮ್ಮ ಕೇಳ್ತಿದಾನೆ," ಎಂದ ಕ್ಲಿಫ್. "ಕುರಿ ಉಣ್ಣೆ ಕತ್ತರಿಸೋ ಕೆಲಸಕ್ಕೆ ಊರೂರು ತಿರುಗ್ತಾನಲ್ಲ, ಮಲಗೋಕೆ ಬೇಕಂತೆ. ಕೊಟ್ಟುಬಿಡ್ತೀನಿ."

ಅವಳು ಅವನ ಕೈಯಿಂದ ತನ್ನ ಕಪ್ಪು ತೆಗೆದುಕೊಂಡಳು.

"ನನಗೋಸ್ಕರ ಅಲ್ಲ, ನಿನಗೋಸ್ಕರ. ಅದರ ಮುಂದೆ ಹಾದುಹೋಗುವಾಗ ನೀನು ನಡೆಯೋ ಸದ್ದೇ ಬದಲಾಗುತ್ತೆ. ನನಗೆ ಕೇಳಿಸಲ್ವಾ? ಜಾಗ ಖಾಲಿಯಾದ್ರೆ ನಿನ್ನ ಮನಸ್ಸೂ ಹಗುರಾಗುತ್ತೆ. ಬ್ರೂಮ್ ನಾನು ನೋಡಿದೀನಿ, ಹೇಗಿದೆ ಅಂತ ಕೂತು ಹೇಳ್ತೀನಿ. ನೀನು ಕೊಟ್ಟ ಮಾತು ನಾನು ವಾಪಸ್ ಕೊಟ್ಟೆ ಅಂದ್ಕೋ."

"ಬೇಡ ಕ್ಲಿಫ್."

"ಯಾಕೆ? ಓಡಿಸೋರು ಯಾರು? ನೀನಾ? ಅಂಗಡಿ ಮುಂದೆ ಕಾರು ನಿಲ್ಲಿಸೋಕೇ ನಿನಗೆ ಅರ್ಧ ಬೀದಿ ಬೇಕು."

"ನಾನು ಓಡಿಸ್ತೀನಿ ಅಂತ ಹೇಳ್ಲಿಲ್ಲ."

"ಮತ್ತೆ? ಸುಮ್ನೆ ಖಾಲಿ ನಿಂತಿದೆ ಅದು."

"ನಿಂತಿರ್ಲಿ. ನಾನು ಕೊಟ್ಟ ಮಾತು ಅದಕ್ಕೇ ಕಟ್ಟಿದೆ," ಎಂದಳು ಗ್ಲೆನಿಸ್. ಅವನ ಕೈಯಿಂದ ಜಾರುತ್ತಿದ್ದ ಕಪ್ಪನ್ನು ತೆಗೆದುಕೊಂಡು ಮೆಟ್ಟಿಲ ಮೇಲಿಟ್ಟಳು. "ಬೇಡ ಅಂತ ಹೇಳು ನೊರೀನ್ ತಮ್ಮನಿಗೆ. ಇವತ್ತೇ ಹೇಳು."